ಒದ್ದೆ ಕೈಗೆ ಜಾರದ ಚಾಕು

ಒಂದಾನೊಂದು ಕಾಲ ಅಂದ್ರೆ ಕಣೇ, ನಮ್ಮಜ್ಜಿಗೂ ಅವರಜ್ಜಿ ಕತೆ ಹೇಳಿ ಮಲಗಿಸ್ತಿದ್ದ ಕಾಲ, ಆಗ ಮಾಳಪ್ಪ ಅಂತ ಒಬ್ಬ ಕುರಿಗಾಹಿ ಇದ್ದನಂತೆ. ಕಾಲು ಆ ಕಡೆ ಚಾಚು, ನನ್ನ ಹೊಟ್ಟೆಗೆ ಒದೀಬೇಡ, ಹಾಂ. ಮಾಳಪ್ಪನಿಗೆ ಮುನ್ನೂರು ಕುರಿ, ಮೂರು ಹೆಣ್ಣುಮಕ್ಕಳು, ಈರಮ್ಮ, ಕೆಂಚಮ್ಮ, ಚಿತ್ತಮ್ಮ ಅಂತ. ಆ ವರ್ಷ ಅವನಿಗೆ ಮಂಡಿ ಹಿಡ್ಕೊಂಡು ಏಳೋಕೇ ಆಗಲಿಲ್ಲವಂತೆ. ಮಕ್ಕಳನ್ನ ಕರೆದು, ಈ ಸಲ ಮೂರು ತಿಂಗಳು ನೀವೇ ಕುರಿ ಹೊಡ್ಕೊಂಡು ಕಾಡು ಮೇಡು ಸುತ್ತಿ ಬನ್ನಿ, ಚೆನ್ನಾಗಿ ನೋಡ್ಕೊಂಡೋಳ ಕೈಗೆ ನನ್ನ ಕೋಲು ಕೊಟ್ಟು ಮಂದೆಗೆ ಯಜಮಾನಿ ಮಾಡ್ತೀನಿ, ಆದ್ರೆ ಮುಂದೆ ನಡೆಯೋ ದೊಡ್ಡ ಟಗರನ್ನ ಕಳ್ಕೊಂಡು ಬಂದ್ರೋ, ಮಂದೆ ಪೂರ್ತಿ ನಿಮ್ಮ ಚಿಕ್ಕಪ್ಪನಿಗೆ ಕೊಟ್ಬಿಡ್ತೀನಿ ಅಂದನಂತೆ. ಆಮೇಲೆ, ಮೊದಲು ಕಮ್ಮಾರ ಮೌನಾಚಾರಿ ಹತ್ರ ಹೋಗಿ ಒಂದೊಂದು ಮಡಚೋ ಚಾಕು ಆರಿಸ್ಕೊಳ್ಳಿ, ಕಾಡಲ್ಲಿ ಅದಿಲ್ಲದೆ ಒಂದು ದಿನ ಕಳೆಯಲ್ಲ ಅಂತಾನೂ ಹೇಳಿದನಂತೆ.

ಸರಿ, ಹೋದ್ರು. ಈರಮ್ಮ ದೊಡ್ಡೋಳಲ್ವಾ, ನನಗೆ ದೊಡ್ಡದೇ ಬೇಕು ಅಂತ ಮೊಳದುದ್ದದ್ದು ಎತ್ಕೊಂಡಳಂತೆ. ಸೊಂಟಕ್ಕೆ ಸಿಕ್ಕಿಸಿದ್ರೆ ಕೂರೋಕಾಗಲ್ಲ, ಬಗ್ಗೋಕಾಗಲ್ಲ, ಕೊನೆಗೆ ಕತ್ತೆ ಮೇಲಿನ ಗಂಟಿನೊಳಗೆ ತುರುಕಿದಳು. ಕೆಂಚಮ್ಮನಿಗೆ ಥಳಥಳ ಅನ್ನೋದೇ ಆಗಬೇಕು. ಅವಳು ತಗೊಂಡಿದ್ರಲ್ಲಿ ಚಾಕೂ ಇತ್ತು, ಚಮಚಾನೂ ಇತ್ತು, ದಬ್ಬಳಾನೂ ಇತ್ತು, ಕಿವಿ ಗುಗ್ಗೆ ತೆಗೆಯೋ ಕಡ್ಡೀನೂ ಇತ್ತಂತೆ, ಎಲ್ಲಾ ಒಂದೇ ಹಿಡಿಯೊಳಗೆ. ನಗಬೇಡ, ನಿನ್ನ ಸೋದರಮಾವ ಚಾರಣಕ್ಕೆ ಅಂತ ಮೊನ್ನೆ ತಂದಿದಾನಲ್ಲ, ಅದೂ ಅಂಥದ್ದೇ.

ಚಿತ್ತಮ್ಮ ಮಾತ್ರ ಚಾಕುಗಳನ್ನ ಕಣ್ಣಲ್ಲಿ ನೋಡಲೇ ಇಲ್ಲವಂತೆ. ಕಣ್ಣು ಮುಚ್ಕೊಂಡು, ಕೈಯನ್ನ ಬಾನಿ ನೀರಲ್ಲಿ ಅದ್ದಿ, ಎಡಗೈ ಬೆನ್ನ ಹಿಂದೆ ಇಟ್ಕೊಂಡು, ಬಲಗೈ ಒಂದರಲ್ಲೇ ಬಿಚ್ಚೋಕೆ ಹೋದಳಂತೆ. ಮೊದಲನೇದು ಬಿಚ್ಚಲೇ ಇಲ್ಲ, ಉಗುರು ಕಿತ್ತು ಬಂತು. ಇದು ಬೇಡ ಆಚಾರ್ರೇ ಅಂದಳು. ಆಮೇಲೆ ಎರಡನೇದು ಸಲೀಸಾಗಿ ಬಿಚ್ತು, ಆದ್ರೆ ಅಲಗಿನ ಬೆನ್ನನ್ನ ಕಲ್ಲಿಗೆ ಒತ್ತಿದಳು ನೋಡು, ಚಟ್ ಅಂತ ಮಡಚ್ಕೊಂಡು ಬೆರಳಿಗೇ ಬಂತು, ಸದ್ಯ ಕೈ ಬಿಟ್ಟಳು. ಇದೂ ಬೇಡ ಅಂದಳು. ಮೌನಾಚಾರಿಗೆ ರೇಗಿಹೋಯ್ತು. ನನ್ನ ಕುಲುಮೆಗೆ ಬಂದು ನನಗೇ ಪರೀಕ್ಷೆ ಇಡ್ತೀಯೇನೇ ಗಿಡ್ಡಿ ಅಂದನಂತೆ. ಅವಳೇನು ಹೆದರ್ತಾಳಾ, ಚಾಕು ನಿಮ್ಮದು, ಬೆರಳು ನಂದಲ್ವಾ ಆಚಾರ್ರೇ ಅಂದಳಂತೆ. ಆಮೇಲೆ ಮೂರನೇದು ಒಂದೇ ಕೈಲಿ ಬಿಚ್ತು, ಅಲಗು ಮಡಚ್ಕೊಳ್ಳದ ಹಾಗೆ ಹಿಡಿಯೋ ಚಿಲಕಾನೂ ಗಟ್ಟಿ, ಆದ್ರೆ ಹಿತ್ತಾಳೆ ಹಿಡಿ ಒದ್ದೆ ಕೈಲಿ ಜಾರ್ತು. ಆಚಾರಿ ಬೈಕೊಂಡೇ ಹಿತ್ತಾಳೆ ಕಿತ್ತು, ಗೀರು ಕೊರೆದ ಜಾಲಿ ಮರದ ಹಿಡಿ ಹಾಕಿಕೊಟ್ಟನಂತೆ. ನಾಲ್ಕು ಬೆರಳುದ್ದದ ಅಲಗು, ಅಷ್ಟೇ. ಅಕ್ಕಂದಿರು ಹಣ್ಣು ಹೆಚ್ಚೋಕಾ ಅಂತ ನಕ್ಕರು. ಅವಳು ಅದಕ್ಕೊಂದು ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸ್ಕೊಂಡು ನಡೆದೇಬಿಟ್ಟಳು.

ಆಮೇಲೆ ಒಂದು ತಿಂಗಳಾಯ್ತು, ಎರಡಾಯ್ತು, ಮೂರೂ ಆಯ್ತು, ವಾಪಸ್ ಬರೋ ದಾರೀಲಿ ಒಂದು ಹಳ್ಳ ಸಿಕ್ತಂತೆ. ಟಗರು ಮುಂದೆ ದಾಟಿದ್ರೆ ತಾನೇ ಕುರಿ ಹಿಂದೆ ಬರೋದು, ಅದಕ್ಕೆ ಈರಮ್ಮ ಟಗರಿನ ಹಗ್ಗಾನ ಮಣಿಕಟ್ಟಿಗೆ ಎರಡು ಸುತ್ತು ಸುತ್ಕೊಂಡು ನೀರಿಗಿಳಿದಳು. ಅಯ್ಯೋ, ಹಗ್ಗಾನ ಯಾರಾದ್ರೂ ಕೈಗೆ ಸುತ್ಕೋತಾರಾ! ಮೇಲೆಲ್ಲೋ ಮಳೆ ಬಿದ್ದಿತ್ತು, ಕೆಂಪು ನೀರು ದಬದಬ ಅಂತ ಬಂದೇಬಿಡ್ತು, ಟಗರು ಕೊಚ್ಕೊಂಡು ಹೊರಟ್ತು, ಅದರ ಹಿಂದೆ ಈರಮ್ಮನೂ. ಪುಣ್ಯಕ್ಕೆ ದಡದ ಹೊಂಗೆ ಬೇರು ಒಂದು ಕೈಗೆ ಸಿಕ್ತು, ಆದ್ರೆ ಇನ್ನೊಂದು ಕೈಲಿ ಹಗ್ಗ ಬಿಗೀತಾ ಇದೆ, ನೀರು ಮೂಗಿಗೆ ಬರ್ತಾ ಇದೆ. ಅವಳ ಮೊಳದುದ್ದದ ಚಾಕು ಎಲ್ಲಿ? ಮಂದೆ ಹಿಂದೆ ಬರ್ತಿದ್ದ ಕತ್ತೆ ಮೇಲೆ. ಕೆಂಚಮ್ಮ ಗಡಿಬಿಡೀಲಿ ತನ್ನದನ್ನ ಬಿಚ್ಚಿದ್ರೆ ಚಮಚ ಬಂತಂತೆ. ಮತ್ತೆ ಬಿಚ್ಚಿದ್ರೆ ಕಿವಿ ಕಡ್ಡಿ ಬಂತಂತೆ. ಅಷ್ಟರಲ್ಲಿ ಚಿತ್ತಮ್ಮ ನೀರಿಗೆ ಹಾರಿ, ಅದೇ ಬೇರನ್ನ ಎಡಗೈಲಿ ಹಿಡ್ಕೊಂಡು, ಬಲಗೈ ಸೊಂಟಕ್ಕೆ ಹಾಕಿದಳು. ಈರಮ್ಮ ಕೂಗಿದಳು, ಕೊಯ್ಯಬೇಡ ಕಣೇ, ಟಗರು ಹೋದ್ರೆ ಮಂದೆ ಹೋಗುತ್ತೆ, ಅಪ್ಪನ ಕೋಲೂ ಹೋಗುತ್ತೆ ಅಂತ. ಹೋದ್ರೆ ಹೋಗ್ಲಿ, ಅಕ್ಕನ್ನ ಯಾವ ಸಂತೇಲಿ ತರ್ಲಿ ನಾನು ಅಂತ ಅಳ್ತಾನೇ ಬೈದು, ಹೆಬ್ಬೆರಳಲ್ಲಿ ಚಾಕು ಬಿಚ್ಚಿ ಮೂರೇ ಸಲ ಎಳೆದಳಂತೆ, ಹಗ್ಗ ಪಟ್ ಅಂತು. ಟಗರು ನೀರಿನ ಜೊತೆ ಹೋಯ್ತು, ಅಕ್ಕ ದಡಕ್ಕೆ ಬಂದಳು. ನೀರಿಳಿದ ಮೇಲೆ ಮೂವರೂ ಸೇರಿ ಕುರೀನ ಹೇಗೋ ಹೊಡೆದು ದಾಟಿಸ್ಕೊಂಡು ಮನೆ ಕಡೆ ನಡೆದ್ರಂತೆ.

ಹಟ್ಟಿ ಬಾಗಿಲಲ್ಲಿ ಮಾಳಪ್ಪ ಕೋಲೂರಿಕೊಂಡು ಕಾಯ್ತಿದ್ದನಂತೆ. ಪಕ್ಕದಲ್ಲೇ ಚಿಕ್ಕಪ್ಪ, ಟಗರು ಕಾಣಲಿಲ್ಲ ಅಂತ ಮೀಸೆಯೊಳಗೇ ನಗ್ತಾ. ಚಿತ್ತಮ್ಮ ನೇರ ಮುಂದೆ ಬಂದು, ಟಗರಿನ ಹಗ್ಗ ಕೊಯ್ದೋಳು ನಾನೇ ಅಪ್ಪಾ, ಗೊತ್ತಿದ್ದೇ ಕೊಯ್ದೆ, ಇನ್ನೊಂದು ಸಲ ಆದ್ರೂ ಕೊಯ್ತೀನಿ ಅಂದಳಂತೆ. ಈರಮ್ಮ ಮಣಿಕಟ್ಟಿನ ಬಾಸುಂಡೆ ತೋರಿಸಿ ಆದದ್ದೆಲ್ಲಾ ಹೇಳಿದಳು. ಮಾಳಪ್ಪ ಕುರಿ ಕಡೆ ತಿರುಗಿಯೂ ನೋಡಲಿಲ್ಲ. ಒಬ್ಬೊಬ್ಬ ಮಗಳ ತಲೆ ಮುಟ್ಟಿ, ಒಂದು, ಎರಡು, ಮೂರು ಅಂತ ಎಣಿಸಿದನಂತೆ. ಎಣಿಸಿ ಗೊಳೋ ಅಂತ ಅತ್ತು, ನಾನಾಡಿದ ಮಾತಿಗೆ ಬೆಂಕಿ ಬೀಳಲಿ, ನನ್ನ ಮಂದೆ ಪೂರ್ತಿ ಮನೆಗೆ ಬಂದಿದೆ ಅಂದು, ಕೋಲನ್ನ ಚಿತ್ತಮ್ಮನ ಕೈಲಿಟ್ಟನಂತೆ.

ಏನು, ಟಗರಾ? ಅದಕ್ಕೇನು ಧಾಡಿ, ಹಗ್ಗ ಬಿಟ್ಟಮೇಲೆ ಈಜ್ಕೊಂಡು ದಡ ಹತ್ತಿ, ಯಾರದೋ ಹುರುಳಿ ಹೊಲ ಮೇದು, ಮೂರು ದಿನಕ್ಕೆ ಹಟ್ಟಿಗೆ ಬಂತಂತೆ. ಎಲ್ಲರೂ ಸುಖವಾಗಿದ್ರು, ನನ್ನ ಕತೆಯೂ ಮುಗೀತು, ಇನ್ನು ಹೊದ್ಕೊಂಡು ಮಲಗು.