ಮೂಗಸೆಟ್ಟಿ ಗುಡ್ಡ

ನಮ್ಮ ಪೇಟೆಯಿಂದ ಮೂಡಲ ದಾರಿ ಹಿಡಿದರೆ ಕುರುಚಲು ಕಾಡಿನ ನಡುವೆ ಮೈಯೆಲ್ಲ ಹಸಿರು ಕಲೆ ಬಿದ್ದ ಬೋಳುಗುಡ್ಡವೊಂದು ಸಿಗುತ್ತದೆ. ಆ ಹಸಿರು ಹುಲ್ಲಿನದಲ್ಲ, ತಾಮ್ರದ್ದು. ಗುಡ್ಡದ ಹೊಟ್ಟೆಯಲ್ಲಿ ಹಳೆಯ ತಾಮ್ರದ ಗಣಿಯಿದೆ. ಬಾಯಿ ಕಿರಿದು, ಒಳಗೆ ಹಾವಿನಂತೆ ಸುತ್ತಿದ ದಾರಿ, ಗೋಡೆಗಳ ಮೇಲೆ ಹೊಗೆಯ ಕಪ್ಪು. ನವಿಲಿನ ಕತ್ತಿನ ಬಣ್ಣದ ಕಲ್ಲು ಹುಡುಕಿಕೊಂಡು ಕಲ್ಲು ಕೂಡಿಡುವ ಶೋಕಿಯವರು ದೂರದೂರದಿಂದ ಬರುತ್ತಾರೆ. ನನ್ನ ಅಂಗಡಿಯಲ್ಲಿ ಟಾರ್ಚು, ಹಗ್ಗ ಕೊಂಡು, 'ಇದಕ್ಕೆ ಮೂಗಸೆಟ್ಟಿ ಗುಡ್ಡ ಅಂತ ಯಾಕೆ ಹೆಸರು?' ಎಂದು ಕೇಳುತ್ತಾರೆ. ಆ ಸೆಟ್ಟಿ ನಮ್ಮ ಮನೆತನದವನು. ಮೌನವ್ರತ ಹಿಡಿದ ಪುಣ್ಯಾತ್ಮ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಗುಡ್ಡದ ಕೆಳಗಿನ ಹಟ್ಟಿಯವರು ಹೇಳುವುದೇ ಬೇರೆ. ಎರಡನ್ನೂ ತೂಗಿ ನೋಡಿದ್ದೇನೆ. ತೂಕ ಇರುವುದು ಹಟ್ಟಿಯವರ ಮಾತಿಗೇ. ಹಾಗಾಗಿ ಅದನ್ನೇ ಬರೆಯುತ್ತೇನೆ.

ಹಿಂದೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಗಣಿಯ ಬಂಡೆ ಒಡೆಯುತ್ತಿದ್ದದ್ದು ಬೆಂಕಿಯಿಂದ. ಸಂಜೆ ಎಲ್ಲರೂ ಹೊರಬಂದ ಮೇಲೆ ಬಂಡೆಗೆ ಒತ್ತಿ ಸೌದೆ ಜೋಡಿಸಿ ಹೊತ್ತಿಸುತ್ತಿದ್ದರು; ಬೆಳಿಗ್ಗೆ ಕಾದ ಕಲ್ಲಿಗೆ ನೀರು ಎರಚಿದರೆ ತಾನೇ ಬಿರಿಯುತ್ತಿತ್ತು. ಬೆಂಕಿ ಹೊತ್ತಿತೆಂದರೆ ಗಣಿಯೆಲ್ಲ ಹೊಗೆ. ಕವಲು ಕವಲಾದ ಆ ದಾರಿಯಲ್ಲಿ ಎಷ್ಟು ಕೂಗಿದರೂ ಒಳಗಿನವರಿಗೆ ಕೇಳುತ್ತಿರಲಿಲ್ಲ. ಅದಕ್ಕೇ ಒಂದು ಕಟ್ಟಳೆ ಇತ್ತು: ಒಳಗೆ ಹೋಗುವವನು ತನ್ನ ಗುರುತಿನ ಕಲ್ಲೊಂದನ್ನು ಗಣಿಬಾಯಿಯ ಪಕ್ಕದ ಜಗುಲಿಯ ಮೇಲಿಟ್ಟು ಹೋಗಬೇಕು, ಹೊರಬಂದಾಗ ಎತ್ತಿಕೊಳ್ಳಬೇಕು. ಬೆಂಕಿಯ ಹೊಣೆ ಹೊತ್ತಿದ್ದ ದುರುಗಜ್ಜ ಜಗುಲಿ ಬರಿದಾದದ್ದನ್ನು ನೋಡದೆ ಒಳಗೆ ಕಿಡಿ ಒಯ್ಯುತ್ತಿರಲಿಲ್ಲ.

ನಮ್ಮ ಸಂಗಣ್ಣಸೆಟ್ಟಿ ಸಂತೆಯಲ್ಲಿ ಬಾಯಿ ಬಿಟ್ಟರೆ ಕುಂಟೆತ್ತನ್ನೂ ಓಟದೆತ್ತೆಂದು ಮಾರಬಲ್ಲವನು. ಪಾಳೆಯಗಾರನ ದೇವರಮನೆಯ ಗೋಡೆಗೆ ಕೂರಿಸಲು ಅಂದದ ಕಲ್ಲು ತರುತ್ತೇನೆಂದು ಮಾತು ಕೊಟ್ಟು ಗುಡ್ಡಕ್ಕೆ ಬಂದಿದ್ದ. ಅದಿರಿನ ರಾಶಿಯಲ್ಲಿ ಸಿಕ್ಕಿದ್ದೆಲ್ಲ ಒಡೆದ ಚೂರು. ಜಗುಲಿಯ ಮೇಲೆ ಮಾತ್ರ ಒಂದಿತ್ತು: ಹಸಿರೊಳಗೆ ಹಸಿರು ಉಂಗುರ ಉಂಗುರವಾಗಿ ಸುತ್ತಿ, ಅಂಚಿನಲ್ಲಿ ನೀಲಿ ಹರಳು ಮೊಗ್ಗಿನಂತೆ ಎದ್ದ ಕಲ್ಲು. ಅದು ಬೊಮ್ಮಯ್ಯನೆಂಬ ಗಣಿಯಾಳಿನ ಗುರುತು. ಅವನ ಹೆಂಡತಿ ಮಾಳವ್ವ ಹೊರಗೆ ಅದಿರು ಕುಟ್ಟುತ್ತಿದ್ದಳು. 'ಅದನ್ನ ಕೊಡವ್ವ, ಕೇಳಿದ್ದು ಕೊಡ್ತೀನಿ' ಎಂದ ಸೆಟ್ಟಿ. 'ಅದು ಕಲ್ಲಲ್ಲ ಸೆಟ್ರೆ, ನನ್ನ ಗಂಡ. ಅವನು ಒಳಗಿರೋಗಂಟ ಅದು ಇಲ್ಲೇ ಇರಬೇಕು' ಎಂದು ಮಾಳವ್ವ ನಕ್ಕಳು. ಪಕ್ಕದಲ್ಲಿ ಕುಟ್ಟುತ್ತಿದ್ದವಳು, 'ಮಾರಿಬಿಡೇ, ಗೊರಕೆನಾದ್ರೂ ತಪ್ತದೆ' ಎಂದಳಂತೆ.

ಮಧ್ಯಾಹ್ನ ಹೆಂಗಸರು ಅದಿರು ತೊಳೆಯಲು ಹಳ್ಳಕ್ಕೆ ಇಳಿದರು. ಸೆಟ್ಟಿ ಆ ಕಲ್ಲನ್ನು ಚೀಲಕ್ಕೆ ಹಾಕಿ, ಅದರ ಜಾಗದಲ್ಲಿ ಅದೇ ಗಾತ್ರದ ಇನ್ನೊಂದನ್ನು ಇಟ್ಟ. ಕಳ್ಳತನವೆಂದು ಅವನಿಗೆ ಅನ್ನಿಸಲಿಲ್ಲ. ಕಲ್ಲಿನ ಬದಲು ಕಲ್ಲಿದೆ, ಎಣಿಕೆ ತಪ್ಪಿಲ್ಲ. ಸಂಜೆ ಬೊಮ್ಮಯ್ಯ ಬಂದ ಮೇಲೆ ಏನಾದರೂ ಕೊಟ್ಟು ಸಮಾಧಾನ ಮಾಡಿದರಾಯಿತು ಎಂದುಕೊಂಡ. ವ್ಯಾಪಾರಿಯ ಬುದ್ಧಿ ಅಲ್ಲಿಗೇ ನಿಂತಿತು. ಗಣಿಯವರು ಕಲ್ಲುಗಳನ್ನು ಎಣಿಸುತ್ತಲೇ ಇರಲಿಲ್ಲ. ಮುಖ ಗುರುತಿಸುವಂತೆ ಒಂದೊಂದನ್ನೂ ಗುರುತಿಸುತ್ತಿದ್ದರು. ಇಳಿಹೊತ್ತಿನಲ್ಲಿ ದುರುಗಜ್ಜ ಬಂದು ನೋಡಿದಾಗ ಜಗುಲಿಯ ಮೇಲೆ ಉಳಿದದ್ದು ಯಾರದ್ದೂ ಅಲ್ಲದ ಒಂದು ಕಲ್ಲು. 'ಯಾವ ಮಂಗನ ಕೆಲಸವೋ' ಎಂದು ಅದನ್ನು ಬೀಸಿ ಒಗೆದು, ಒಳಗೆ ಹೋಗಿ ಬೆಂಕಿ ಹೊತ್ತಿಸಿ ಬಂದ. ಒಳಗಿನ ಕವಲೊಂದರಲ್ಲಿ ಬೊಮ್ಮಯ್ಯ ಇನ್ನೂ ಅದಿರು ಕೆರೆಯುತ್ತಿದ್ದ.

ಹಳ್ಳದಿಂದ ಹತ್ತಿ ಬಂದ ಮಾಳವ್ವ ಬರಿದಾದ ಜಗುಲಿ ನೋಡಿ, ಗಂಡ ಹಟ್ಟಿಗೆ ಹೋಗಿರಬೇಕು ಎಂದುಕೊಂಡಳು. ಆದರೂ ಮನಸ್ಸು ತಡೆಯದೆ, ಹುಣಸೆಮರದಡಿ ಎತ್ತಿನ ಮೇಲೆ ಹೇರು ಕಟ್ಟುತ್ತಿದ್ದ ಸೆಟ್ಟಿಯನ್ನು ಎಲ್ಲರೆದುರು ಕೇಳಿದಳು: 'ಸೆಟ್ರೆ, ನಮ್ಮೋರು ಬಂದು ಕಲ್ಲು ತಗಂಡಿದ್ದು ನೋಡಿದ್ರಾ?' ಹೊಗೆ ಆಗತಾನೇ ತೆಳ್ಳಗೆ ಏಳುತ್ತಿತ್ತು. ಒಂದು ಮಾತು ಸಾಕಿತ್ತು. ಆದರೆ ಇಲ್ಲ ಎಂದರೆ ಚೀಲ ಬಿಚ್ಚಬೇಕು, ಗುಡ್ಡದ ಜನರೆದುರು ಕಳ್ಳನಾಗಬೇಕು. ಸೆಟ್ಟಿ ಹಗ್ಗದ ಗಂಟು ನೋಡುತ್ತ ನಿಂತ. ಸುಮ್ಮನಿದ್ದದ್ದನ್ನೇ ಹೌದೆಂದು ತಿಳಿದು ಅವಳು ಹಟ್ಟಿಯ ದಾರಿ ಹಿಡಿದಳು. ಗುಡಿಸಲಲ್ಲಿ ಯಾರೂ ಇಲ್ಲದ್ದನ್ನು ಕಂಡು ಓಡಿ ಬರುವಷ್ಟರಲ್ಲಿ ಗಣಿಬಾಯಿ ಕಪ್ಪು ಕಾರುತ್ತಿತ್ತು. ಇನ್ನೂ ಮರದಡಿಯೇ ಇದ್ದ ಸೆಟ್ಟಿ ಆಗ ಚೀಲದಿಂದ ಕಲ್ಲು ತೆಗೆದು ಮುಂದೆ ಹಿಡಿದ. ಗಂಡಸರು ಒದ್ದೆ ಕಂಬಳಿ ಹೊದ್ದು ಒಳಗೆ ನುಗ್ಗಿದರು. ಬೊಮ್ಮಯ್ಯ ಗಣಿಬಾಯಿಗೆ ಹತ್ತಿರದಲ್ಲೇ, ಗೋಡೆ ತಡಕಿದ ಕೈ ಹಾಗೇ ಚಾಚಿ ಬಿದ್ದಿದ್ದನಂತೆ. ಉಸಿರಿರಲಿಲ್ಲ.

ಮಾಳವ್ವ ಬೈಯಲಿಲ್ಲ, ಮಣ್ಣು ತೂರಲಿಲ್ಲ. ಸೆಟ್ಟಿಯ ಕೈಯಿಂದ ಕಲ್ಲು ತೆಗೆದು ಮೊದಲಿನ ಜಾಗದಲ್ಲೇ ಇಟ್ಟು, 'ಬಾಯಿ ಇತ್ತಲ್ಲ ಸೆಟ್ರೆ' ಎಂದಳು. ಅಷ್ಟೇ. ಮುಂದಿನ ಸಂತೆಯಲ್ಲಿ ಅವನ ಗಂಟಲಿಂದ ಮಾತು ಹೊರಡಲಿಲ್ಲ. ಸಾಯುವತನಕ ಬೆರಳು ತೋರಿಸಿಯೇ ವ್ಯಾಪಾರ ಮಾಡಿದ ಎನ್ನುತ್ತಾರೆ. ಅದನ್ನೇ ನಮ್ಮವರು ವ್ರತ ಎಂದು ಕರೆದರು. ನಾಚಿಕೆಗೆ ಮಡಿ ಉಡಿಸುವುದು ನಮಗೆ ಚೆನ್ನಾಗಿ ಬರುತ್ತದೆ.

ಈಗ ಹೋದವರಿಗೂ ಆ ಜಗುಲಿ ಕಾಣುತ್ತದೆ. ಅದರ ಮೇಲೆ ಹಸಿರು ಕಲ್ಲೊಂದು, ಅಂಚಿನ ನೀಲಿ ಸವೆದು, ಬಿಸಿಲಿಗೆ ಮಂಕಾಗಿ ಕೂತಿದೆ. ಎಂಥ ಶೋಕಿಯವನೂ ಅದನ್ನು ಮುಟ್ಟುವುದಿಲ್ಲ, ಹಟ್ಟಿಯವರು ಬಿಡುವುದೂ ಇಲ್ಲ. ಒಳಗೆ ಹೋಗುವವರು ಒಂದು ಕಲ್ಲಿಟ್ಟು ಹೋಗಬೇಕು. ಹೊರಗೆ ಬಂದಾಗ ಹಟ್ಟಿಯ ಕಾವಲಿನವನು, 'ಒಳಗೆ ಯಾರಾದ್ರೂ ಅದಾರಾ?' ಎಂದು ಕೇಳುತ್ತಾನೆ. ತಲೆಯಾಡಿಸಿದರೆ ಸಾಲದು, ಬಾಯಿ ಬಿಟ್ಟು ಹೇಳಬೇಕು. ಎಲ್ಲರನ್ನೂ ಒಂದು ಸಲ ಕೇಳುತ್ತಾರೆ. ನಮ್ಮ ಮನೆಯವರನ್ನು ಎರಡು ಸಲ. ನಾವೂ ಎರಡು ಸಲ ಹೇಳಿ, ತಲೆ ತಗ್ಗಿಸಿ ಗುಡ್ಡ ಇಳಿಯುತ್ತೇವೆ.