ಕೆಂಚವ್ವನ ನೀಲಿ ಗೊಂಚಲು

ಹತ್ತಿರ ಬನ್ರಪ್ಪಾ, ಕೂತ್ಕೊಂಡು ಕೇಳಿ. ಬೆಟ್ಟದ ಮೇಲೆ ಮಂಜಿನಕೋಟೆ ಅಂತ ಒಂದು ರಾಜ್ಯ ಇತ್ತು. ಅದಕ್ಕೆ ಬೊಮ್ಮರಸ ಅಂತ ಒಬ್ಬ ದೊರೆ. ಅವನಿಗೊಂದು ಹುಚ್ಚು. ನೀಲಿ ಬಣ್ಣ ಅರಮನೆಯ ಸ್ವತ್ತು ಅನ್ನೋನು. ಊರಲ್ಲಿ ಯಾರೂ ನೀಲಿ ಸೀರೆ ಉಡೋ ಹಾಗಿಲ್ಲ, ನೀಲಿ ರುಮಾಲು ಸುತ್ತೋ ಹಾಗಿಲ್ಲ. ಆಕಾಶ ನೋಡಿದ್ದಕ್ಕೆ ಕಂದಾಯ ಹಾಕಲಿಲ್ಲವಲ್ಲ, ಅದೇ ನಮ್ಮ ಪುಣ್ಯ.

ಅದೇ ಊರಲ್ಲಿ ಕೆಂಚವ್ವ ಅಂತ ಒಬ್ಬಳು ಮುದುಕಿ. ಹಿಂದಿಲ್ಲ ಮುಂದಿಲ್ಲ. ಒಂದು ಗುಡಿಸಲು, ಅದರ ಮುಂದೆ ಅಂಗೈಯಗಲ ಅಂಗಳ, ಅಂಗಳದ ತುಂಬ ಒಂದೇ ಗಿಡ. ಈಗಿನೋರು ಅದಕ್ಕೆ ಹೈಡ್ರೇಂಜಿಯಾ ಅಂತಾರೆ, ಅವಳು ಗೊಂಚಲು ಹೂವು ಅಂತಿದ್ದಳು. ಒಂದೊಂದು ಗೊಂಚಲೂ ಮಗುವಿನ ತಲೆಯಷ್ಟು ದಪ್ಪ, ಮೂಲೆಯ ಒಂದು ಕೊಂಬೆ ಬಿಟ್ಟರೆ ಮಿಕ್ಕಿದ್ದೆಲ್ಲ ಕಣ್ಣು ತಂಪಾಗೋ ನೀಲಿ. ಬಲು ನಾಜೂಕಿನ ಗಿಡ ಅದು. ಬೆಳಗಿನ ಬಿಸಿಲು ಬೇಕು, ಮಧ್ಯಾಹ್ನದ ಬಿಸಿಲು ಬಿದ್ದರೆ ಎಲೆ ಜೋತುಬಿಡುತ್ತೆ. ಅದಕ್ಕೇ ಪಡುವಣ ದಿಕ್ಕಿಗೆ ತಡಿಕೆ ಕಟ್ಟಿದ್ದಳು. ಬುಡಕ್ಕೆ ಕೊಳೆತ ತರಗೆಲೆ ಹರಡೋಳು, ಮಣ್ಣು ಒಣಗದ ಹಾಗೆ ನೀರು ಹಾಕೋಳು. ಗಂಡ ಹೋದ ಮೇಲೆ ಅವಳಿಗೆ ಮಾತಿಗೆ ಅಂತ ಇದ್ದಿದ್ದು ಆ ಗಿಡ ಒಂದೇ.

ಒಂದಿನ ದೊರೆ ಆ ದಾರೀಲಿ ಬಂದ. ನೀಲಿ ಗೊಂಚಲು ಕಂಡಿದ್ದೇ ತಡ, ಹೊಟ್ಟೆ ಉರೀತು. ಆಳು ಬಿಟ್ಟು ಇದ್ದಬದ್ದ ಹೂವೆಲ್ಲ ಕೊಯ್ಸಿಕೊಂಡು ಹೋದ. ಕೆಂಚವ್ವ ಬೀದಿಗೆ ಬಂದು ಬಾಯಿಗೆ ಬಂದಂಗೆ ಬೈದಳು. ಆಳುಗಳಿಗೆ ನಾಚಿಕೆ ಆಯ್ತು, ದೊರೆಗೆ ಆಗಲಿಲ್ಲ.

ಹೂವು ಬಾಡಿತು. ದೊರೆ ಎರಡನೇ ಸಲ ಬಂದ. ಗಿಡದ ಅರ್ಧ ಬುಡ ಅಗೆಸಿ, ಅರಮನೆ ಗೋಡೆ ಪಕ್ಕ ನೆಡಿಸಿದ. ಹಬ್ಬ ಹಬ್ಬಕ್ಕೂ ಸುಣ್ಣ ಬಳಿಯೋ ಗೋಡೆ ಅದು. ಮಿಕ್ಕ ಸುಣ್ಣದ ನೀರನ್ನ ಗೋಡೆ ಬುಡಕ್ಕೇ ಚೆಲ್ಲೋದು ಅಲ್ಲಿನೋರ ವಾಡಿಕೆ. ಮುಂದಿನ ಮಳೆಗಾಲಕ್ಕೆ ಗಿಡ ಮೈತುಂಬ ಹೂ ಬಿಡ್ತು. ಯಾವ ಬಣ್ಣ ಅಂತೀರಿ? ಗುಲಾಬಿ! ಊರಿನ ಹೆಂಗಸರೆಲ್ಲ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು.

ದೊರೆ ಮೂರನೇ ಸಲ ಡಂಗುರ ಹೊಡೆಸಿಕೊಂಡು ಬಂದ. "ನೀಲಿ ಇರೋದು ಗಿಡದಲ್ಲಲ್ಲ, ಈ ಅಂಗಳದ ಮಣ್ಣಲ್ಲಿ. ನೀಲಿ ನನ್ನದು ಅಂದಮೇಲೆ ಮಣ್ಣೂ ನನ್ನದೇ. ಮುಂದಿನ ಸಲ ಹೂ ಬಿಟ್ಟಾಗ ಅಳತೆ ಹಗ್ಗ ತರ್ತೀನಿ. ನೀನು ಊರು ಬಿಡು," ಅಂದ.

ಕೆಂಚವ್ವ ಹೊಸ್ತಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ನೀಲಿ ಹೂ ಬಿಟ್ಟರೆ ತಾನೇ ನಿಮ್ಮದು? ಬಿಡದೇ ಹೋದರೆ?"

ದೊರೆ ನಕ್ಕುಬಿಟ್ಟ. ಬಿಡದೇ ಹೋದರೆ ಹೂವಿನ ನೆಪ ಹೇಳಿ ಈ ಊರಿನ ಯಾರ ಅಂಗಳಕ್ಕೂ ಕಾಲಿಡಲ್ಲ, ನನ್ನ ವಂಶದವರೂ ಇಡಲ್ಲ ಅಂದ. ಆಣೆ ಇಡಿ ಅಂದಳು. ಊರೆದುರಿಗೆ ಕತ್ತಿ ಮುಟ್ಟಿ ಆಣೆಯಿಟ್ಟ.

ಅಕ್ಕಪಕ್ಕದೋರು ಕಾಲಿಗೆ ಬೀಳು ಅಂದರು. ಬಿದ್ದರೆ ಬಿಡೋ ಪೈಕಿಯಲ್ಲ ಅವನು ಅಂದಳು ಕೆಂಚವ್ವ. ಕೂತು ಯೋಚನೆ ಮಾಡಿದಳು. ಅವಳಿಗೆ ಎಲೆ ಅಡಿಕೆ ಅಭ್ಯಾಸ. ಸುಣ್ಣದ ಡಬ್ಬಿ ತೊಳೆದ ನೀರು ಚೆಲ್ಲೋ ಮೂಲೇಲಿ ಒಂದು ಕೊಂಬೆ ಯಾವಾಗಲೂ ಗುಲಾಬಿ ಬಿಡೋದು. ಅರಮನೆ ಗೋಡೆ ಬುಡದಲ್ಲೂ ಸುಣ್ಣವೇ. ಓಹೋ, ಹಿಂಗೋ ಸಮಾಚಾರ ಅಂದುಕೊಂಡಳು.

ಅವತ್ತಿಂದ ಗಿಡಕ್ಕೆ ಸುಣ್ಣ ಕದಡಿದ ತಿಳಿನೀರು ಹಾಕಿದಳು. ಎಲೆ ಹಳದಿಗೆ ತಿರುಗಿತು. ಕೂತು ಅತ್ತಳು, ಸ್ವಲ್ಪ ತಡ್ಕೋ ಮಗಳೇ ಅಂದಳು. ಆದರೆ ಸುಣ್ಣ ಹಾಕೋದು ಬಿಡಲಿಲ್ಲ.

ಹೂ ಬಿಡ್ತು. ದೊರೆ ಹಗ್ಗ ಹಿಡಿಸಿಕೊಂಡು ಬಂದ. ಗಿಡ ಸುತ್ತಿದ, ಎಲೆ ಎತ್ತಿ ನೋಡಿದ, ಬಗ್ಗಿ ನೋಡಿದ. ಎಲ್ಲಾ ಗುಲಾಬಿ. ನನ್ನ ಹೂವಿಗೆ ಏನು ಮಾಟ ಮಾಡಿದೆ ಅಂತ ಗದರಿದ.

"ನಿಮ್ಮ ಹೂವು ಎಲ್ಲಿದೆ ದೊರೆ? ಗುಲಾಬಿ ನಿಮ್ಮದು ಅಂತ ಯಾವತ್ತೂ ಡಂಗುರ ಹೊಡೆಸಿಲ್ಲ. ನನ್ನ ಮಣ್ಣಿಗೆ ನಾನೇನು ಹಾಕಿದೆ ಅಂತ ನಿಮಗೆ ಯಾಕೆ ಹೇಳಲಿ? ನೀವಿಟ್ಟ ಆಣೆ ಊರೇ ಕೇಳಿದೆ. ಕಾಲು ಆಚೆ ತೆಗೀರಿ," ಅಂದಳು.

ದೊರೆ ಸುತ್ತ ನೋಡಿದ. ಈ ಸಲ ಒಬ್ಬರೂ ತಲೆ ತಗ್ಗಿಸಲಿಲ್ಲ. ಮುಖ ಹುಳ್ಳಗೆ ಮಾಡಿಕೊಂಡು ಕಾಲು ತೆಗೆದ.

ಕೆಂಚವ್ವ ಅಷ್ಟಕ್ಕೇ ಬಿಟ್ಟಳು ಅಂದುಕೊಂಡ್ರಾ? ಸುಣ್ಣದ ಮಣ್ಣು ತೆಗೆದು ಕಾಡಿನ ಮಣ್ಣು ತುಂಬಿದಳು. ಕಡ್ಡಿ ಕತ್ತರಿಸಿ ಮನೆಮನೆಗೂ ಹಂಚಿದಳು, ಸುಣ್ಣ ಸೋಕದ ಹಾಗೆ ನೆಡೋದು ಹೇಳಿಕೊಟ್ಟಳು. ಕಡ್ಡಿ ಬೇರು ಬಿಡ್ತು, ಗಿಡ ಆಯ್ತು. ಒಂದು ಮಳೆಗಾಲ ಬೆಳಗಾಗೆದ್ದು ದೊರೆ ಉಪ್ಪರಿಗೆ ಮೇಲಿಂದ ನೋಡ್ತಾನೆ, ಊರಿನ ಎಲ್ಲಾ ಅಂಗಳದಲ್ಲೂ ನೀಲಿ! ಅವನ ಗೋಡೆ ಪಕ್ಕ ಮಾತ್ರ ಗುಲಾಬಿ. ಆಣೆ ಇಟ್ಟಾಗಿದೆ, ಯಾರ ಅಂಗಳಕ್ಕೂ ಕಾಲಿಡೋ ಹಾಗಿಲ್ಲ. ಕಿಟಕಿ ಹಾಕಿಕೊಂಡ.

ಅದಕ್ಕೇ ಹೇಳ್ತೀನಿ ಮಕ್ಕಳೇ. ಇನ್ನೊಬ್ಬರು ನೀರೆರೆದು ಬೆಳೆಸಿದ್ದನ್ನ, ಕೈಯಲ್ಲಿ ಅಧಿಕಾರ ಇದೆ ಅಂತ ಕಿತ್ತುಕೊಳ್ಳಬಾರದು. ನಿಮ್ಮದನ್ನ ಯಾರಾದರೂ ಕಿತ್ತುಕೊಳ್ಳೋಕೆ ಬಂದರೆ ಹೆದರಿ ಒಳಗೆ ಹೋಗಬೇಡಿ, ಎದುರಿಗೆ ನಿಂತು ಕೇಳಿ.