ಮುರಿಬಿಲ್ಲ ಗುಡ್ಡ

ತುಪ್ಪದಕಟ್ಟೆಯ ಪಡುವಣಕ್ಕಿರುವ ಬೋಳು ಗುಡ್ಡಕ್ಕೆ ಮುರಿಬಿಲ್ಲ ಗುಡ್ಡವೆಂದು ಹೆಸರು. ಮೇಲೆ ಕುಸಿದ ಕೋಟೆಗೋಡೆ, ನಡುವೆ ಬಂಡೆಯಲ್ಲಿ ಆಳುದ್ದಕ್ಕೆ ಕೊರೆದ ಕರಿಯ ತಗ್ಗು. ನೋಡಲು ಬಂದವರು ಅದನ್ನು ದನಗಳಿಗೆ ನೀರಿಡುವ ಬಾನಿ ಎಂದುಕೊಳ್ಳುತ್ತಾರೆ. ಗುಡ್ಡದ ನೆತ್ತಿಗೆ ದನ ಹತ್ತಿಸುವಷ್ಟು ಹುಚ್ಚರು ನಮ್ಮೂರಲ್ಲಿ ಎಂದೂ ಇರಲಿಲ್ಲ. ಅದು ಬಿಲ್ಲು ಕಾಯಿಸುವ ಒಲೆ. ಹಿಂದೆ ಒಮ್ಮೆ, ಪಾಳೆಯಗಾರನೊಬ್ಬ ಇಲ್ಲಿ ಆಳುತ್ತಿದ್ದಾಗ, ಬೋಸಯ್ಯನೆಂಬವನು ಅಲ್ಲಿ ಬಿಲ್ಲು ಮಾಡುತ್ತಿದ್ದನಂತೆ. ಒಣಗಿದ ತಡಸಲು ಮರವನ್ನು ಕೆತ್ತಿ, ಬಿಲ್ಲಿನ ಒಳಮೈಯನ್ನು ಹುಣಸೆ ಕೆಂಡದ ಮೇಲೆ ಬೆಲ್ಲದ ಬಣ್ಣಕ್ಕೆ ತಿರುಗುವವರೆಗೆ ಹಿಡಿಯುತ್ತಿದ್ದ. ಹಾಗೆ ಹದಗೊಂಡ ಮರಕ್ಕೆ ಕಸುವು ಹೆಚ್ಚು. ಆದರೆ ಬೆಂಕಿ ಅದರ ತೇವವನ್ನೆಲ್ಲ ಹೀರಿರುತ್ತದೆ. ಗಾಳಿಯ ತಂಪು ಮತ್ತೆ ಒಳಗಿಳಿಯುವವರೆಗೆ ಬಾಗಿಸುವಂತಿಲ್ಲ. ಅದಕ್ಕೇ ಆ ಮನೆತನದವರು ಬೆಂಕಿ ಕಂಡ ಬಿಲ್ಲನ್ನು ಬಾಣಂತಿ ಎಂದು ಕರೆದು, ಕತ್ತಲೆ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿಸಿ, ವಾರಗಟ್ಟಲೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಕೋಟೆಯ ಹಳೆಯ ಬಿಲ್ಲುಗಳಿಗೆಲ್ಲ ಗೆದ್ದಲು ಹಿಡಿದಿದೆಯೆಂದು ಪಾಳೆಯಗಾರನಿಗೆ ತಿಳಿದದ್ದು ಹಗೆಯ ದಂಡು ಹೊರಟ ಸುದ್ದಿ ಬಂದ ಮೇಲೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎನ್ನುವ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಬೋಸಯ್ಯ ಹಗಲಿರುಳೆನ್ನದೆ ಹೊಸ ಬಿಲ್ಲು ಕಾಯಿಸಿ ಮಲಗಿಸಿದ. ಮರುದಿನವೇ ದಂಡು ಕೆರೆಯ ಏರಿಗೆ ಬಂತು, ದೊರೆ ಬಿಲ್ಲು ಕೇಳಿದ.

“ಇವು ಹಸಿ ಬಾಣಂತೇರು, ದೊರೆ. ಈಗ ಎಬ್ಬಿಸಿದ್ರೆ ಉಳಿಯಂಗಿಲ್ಲ” ಎಂದ ಬೋಸಯ್ಯ.

ದೊರೆಗೆ ಅದು ನೆಪವಾಗಿ ಕಂಡಿತು. ಹಗೆಯವರ ಕಡೆಯಿಂದ ಏನು ತಿಂದಿದ್ದೀ ಎಂದು ಎಲ್ಲರೆದುರು ಕೇಳಿದ. ದ್ರೋಹಿಯಲ್ಲದಿದ್ದರೆ ಮೊದಲ ಬಿಲ್ಲನ್ನು ನಿನ್ನ ಮಗನಿಗೇ ಕೊಟ್ಟು ಕೋಟೆ ಬಾಗಿಲಿಗೆ ನಿಲ್ಲಿಸು ಎಂದ. ಕೊಡದಿದ್ದರೆ ಮನೆತನಕ್ಕೆ ಕಳಂಕ, ಕೊಟ್ಟರೆ ಇದ್ದೊಬ್ಬ ಮಗ ಇಲ್ಲ. ಮಗ ಸೂರಯ್ಯ ತಾನಾಗಿಯೇ ಕೈ ಚಾಚಿದ.

“ಕೊಡಪ್ಪ. ದ್ರೋಹಿ ಮಗ ಅನ್ನಿಸ್ಕೊಂಡು ಬದುಕಾಕಾಗಲ್ಲ ನಂಗೆ.”

ಬೋಸಯ್ಯ ಕೊಟ್ಟ. ಈ ಕಥೆ ಹೇಳುವ ನನಗೆ ಹಗೆಯವರ ಮೇಲೆ ಅಷ್ಟು ಸಿಟ್ಟಿಲ್ಲ, ಆ ದೊರೆಯ ಮೇಲಿದೆ. ಮೊದಲ ಸೆಳೆತಕ್ಕೇ ಬಿಲ್ಲುಗಳು ಒಂದರ ಹಿಂದೆ ಒಂದು ಸಿಡಿದು ಮುರಿದವು. ಆ ಸದ್ದು ಕೆಳಗಿನ ಊರಿಗೂ ಕೇಳಿಸಿತು ಎನ್ನುತ್ತಾರೆ. ಗುಡ್ಡಕ್ಕೆ ಹೆಸರು ಬಿದ್ದದ್ದು ಹೀಗೆ. ಸೂರಯ್ಯ ಬಾಗಿಲಲ್ಲೇ ಸತ್ತ. ದೊರೆ ಹಿಂದಿನ ದಿಡ್ಡಿಯಿಂದ ಓಡಿಹೋದ. ಗೆದ್ದವರೂ ಬೋಸಯ್ಯನಿಂದಲೇ ಬಿಲ್ಲು ಮಾಡಿಸಿದರು. ಅವರಿಗೆ ಅವಸರವಿರಲಿಲ್ಲ. ಬಿಲ್ಲುಗಳು ಮಲಗಬೇಕಾದಷ್ಟು ದಿನ ಮಲಗಿದವು, ಒಂದೂ ಮುರಿಯಲಿಲ್ಲ.

ಕೋಟೆ ಬಾಗಿಲಿದ್ದ ಜಾಗದಲ್ಲಿ ಊರವರು ನಿಲ್ಲಿಸಿದ ವೀರಗಲ್ಲು ಇಂದಿಗೂ ಇದೆ. ಅದರಲ್ಲಿ ಯುವಕನ ಬಲಗೈಯಲ್ಲಿ ಬಾಣವಿದೆ, ಚಾಚಿದ ಎಡಗೈ ಬರಿದು. ಬಂದವರು ಕಲ್ಲು ಸವೆದಿರಬೇಕು ಎನ್ನುತ್ತಾರೆ. ಸವೆದಿಲ್ಲ. ಕಲ್ಲುಕುಟಿಗ ಅಲ್ಲಿ ಬಿಲ್ಲು ಕೆತ್ತಲು ಉಳಿ ಇಟ್ಟಾಗ ಬೋಸಯ್ಯ ಅವನ ಕೈ ಹಿಡಿದುಕೊಂಡನಂತೆ.

“ಬ್ಯಾಡಪ್ಪ. ನಾನು ಒಂದ್ಸಲ ಕೊಟ್ಟಿದ್ದೇ ಸಾಕು.”